ಒಲ್ಲೆ ಅನ್ನುವ ಕುದುರೆ

ಚಾಂದನಿ ಮತ್ತೆ ತಲೆ ಕೊಡವಿತು. ಹಗ್ಗ ಸಂತೋಷಕುಮಾರನ ಕೈಯಿಂದ ಜಾರಿತು. ಗೋಡೆಗೆ ಉಜ್ಜಿ ಉಜ್ಜಿ ಕುದುರೆಯ ಮೂಗಿನಲ್ಲಿ ರಕ್ತ ಬಂದಿತ್ತು.

"ನೋಡ್ರಿ ಡಾಕ್ಟ್ರೇ, ಬಿಸಲಿಗಿ ತಂದ್ರ ಸಾಕು, ಹಿಂಗ ಮಾಡ್ತದ."

ಅಫಜಲಪುರದಿಂದ ಬಂದಿದ್ದ ಪಶುವೈದ್ಯೆ ಪಂಚಶೀಲಾ ಹತ್ತಿರ ಹೋದಳು. ಸಂತೋಷಕುಮಾರನ ವಿಧವೆ ಅತ್ತಿಗೆ ಹೀರಾಬಾಯಿ ಬಾಗಿಲಲ್ಲೇ ನಿಂತು ಮುಖ ತಿರುಗಿಸಿದಳು.

ಎರಡು ವರ್ಷದ ಹಿಂದೆ ಸೊನ್ನದ ಬ್ಯಾರೇಜಿನ ಹಿನ್ನೀರಿನಲ್ಲಿ ಕುದುರೆಯ ಮೈ ತೊಳೆಯಲು ಇಳಿದ ಅವಳ ಗಂಡ ಹಣಮಂತರಾಯ ಮುಳುಗಿ ಸತ್ತ. ಬುತ್ತಿ ಒಯ್ದಿದ್ದ ಹೀರಾಬಾಯಿ ಕೂಗು ಕೇಳಿ ಓಡಿದಳಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

ಮುಂದಿನ ಬೇಸಿಗೆಗೆ ಕುದುರೆಗೆ ಈ ಚಾಳಿ ಹತ್ತಿತು. ಮದುಮಕ್ಕಳನ್ನು ಹೊತ್ತು ಮೆರೆಯುತ್ತಿದ್ದ ಚಾಂದನಿ, ಮದುಮಗ ಹತ್ತಲು ರಿಕಾಪಿಗೆ ಕಾಲಿಡುತ್ತಲೇ ಅತ್ತಿತ್ತ ತಲೆಯಾಡಿಸತೊಡಗಿತು. ಒಲ್ಲೆ, ಒಲ್ಲೆ. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ? ಬೆನ್ನ ಮೇಲೆ ಹಣಮಂತರಾಯನೇ ಕೂತಿದ್ದಾನೆ ಅಂದರು. ಮದುವೆಗೆ ಕರೆಯುವುದನ್ನೂ ಬಿಟ್ಟರು. ಶುಕ್ರವಾರದೊಳಗೆ ಅದನ್ನು ಹೊಳೆಯಾಚೆ ಬಿಟ್ಟು ಬಾ ಎಂದು ಊರ ಹಿರಿಯರು ಸಂತೋಷಕುಮಾರನಿಗೆ ಹೇಳಿಯೂ ಆಗಿತ್ತು. ಅದು ಹೋದರೆ ಹೀರಾಬಾಯಿಗೆ ಗಂಡನದು ಅನ್ನುವಂಥದ್ದು ಏನೂ ಉಳಿಯುತ್ತಿರಲಿಲ್ಲ.

ಅವಳಂತೂ ಸೊರಗಿ ಕಡ್ಡಿಯಾಗಿದ್ದಳು. ಆದರೂ ದಿನಾ ಮಧ್ಯಾಹ್ನ ಕುದುರೆಯನ್ನು ಅಂಗಳಕ್ಕೆ ತಂದು, ಎದುರು ನಿಂತು ಏನೋ ಪಿಸುಗುಟ್ಟುತ್ತಿದ್ದಳು. ಮೋಡ ಕವಿದ ದಿನ ಮಾತ್ರ ತರುತ್ತಿರಲಿಲ್ಲ. ಬಿಟ್ಟು ಹೋಗೆಂದು ಗಂಡನನ್ನು ಬೇಡಿಕೊಳ್ಳುತ್ತಾಳೆ ಪಾಪ ಎಂದು ನೆರೆಮನೆಯ ಹಮೀದಾಬೇಗಂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಪಂಚಶೀಲಾ ಹಲ್ಲು, ಕಿವಿ, ಕಣ್ಣು ಎಲ್ಲ ನೋಡಿದಳು.

"ದೆವ್ವ ಅಲ್ರಿ, ನರದ ಬ್ಯಾನಿ. ಬಿಸಲು, ಗಾಳಿ ತಾಕಿದ್ರ ಮುಖದ ನರ ಕೆರಳ್ತದ. ಮೂಗಿನಾಗ ಕರೆಂಟ್ ಹೊಡದಂಗ ಆಗಿ ತಲಿ ಕೊಡವ್ತದ. ಹೆಚ್ಚಿನವು ಮ್ಯಾಲ ಕೆಳಗ ಮಾಡ್ತಾವ, ಇದು ಅತ್ತಿತ್ತ ಮಾಡ್ತದ. ಮೂಗಿಗಿ ಸಣ್ಣ ಬಲಿ ಕಟ್ಟೂಣು, ಕಣ್ಣಿಗಿ ನೆಳ್ಳ ಮಾಡೂಣು. ಎಲ್ಲಾ ಕುದ್ರಿಗೂ ಗುಣ ಆಗಂಗಿಲ್ಲ. ನೋಡೂಣು."

"ಬ್ಯಾಡ್ರಿ," ಅಂದಳು ಹೀರಾಬಾಯಿ ಥಟ್ಟನೆ. "ಅದು ಹಂಗೇ ಇರ್ಲಿ."

"ಹೆದರಬ್ಯಾಡ್ರಿ ವೈನಿ," ಅಂದ ಸಂತೋಷಕುಮಾರ. "ಅಣ್ಣಗ ನಿಮ್ಮ ಮ್ಯಾಲ ಯಾಕ ಸಿಟ್ಟ ಬರ್ತದ?"

"ನಿನಗ ಹ್ಯಾಂಗ ಗೊತ್ತು?"

ಪಂಚಶೀಲಾ ಬಲೆ ಕಟ್ಟಿದಳು, ಹಣೆಯಿಂದ ಕಣ್ಣಿನವರೆಗೆ ತೆಳು ಕರಿಬಟ್ಟೆ ಇಳಿಬಿಟ್ಟಳು. ಕುದುರೆಯನ್ನು ಸುಡುಬಿಸಿಲಿಗೆ ತಂದರು. ಐದು ನಿಮಿಷವಾಯಿತು, ಹತ್ತಾಯಿತು. ಚಾಂದನಿ ಕಿವಿ ನಿಮಿರಿಸಿ ಸುಮ್ಮನೆ ನಿಂತಿತ್ತು.

"ಯಾ ಅಲ್ಲಾ!" ಎಂದಳು ಹಮೀದಾಬೇಗಂ ಗೋಡೆಯಾಚೆಯಿಂದ. ಸಂತೋಷಕುಮಾರ ಅಳುತ್ತಲೇ ನಕ್ಕ. ಹಿರಿಯರಿಗೆ ಸುದ್ದಿ ಮುಟ್ಟಿಸಲು ಓಡಿದ. ಪಂಚಶೀಲಾ ಬಸ್ಸು ಹಿಡಿಯಲು ಹೊರಟಳು.

ಅಂಗಳದಲ್ಲಿ ಹೀರಾಬಾಯಿ ಒಬ್ಬಳೇ ಉಳಿದಳು. ಎಂದಿನಂತೆ ಕುದುರೆಯ ಎದುರು ಹೋಗಿ ನಿಂತಳು. ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಎಂದಿನ ಆ ಒಂದೇ ಮಾತು ಕೇಳಿದಳು.

"ಅವತ್ತು ನೀರಾಗ ನಿಮ್ಮ ಕೈ ನಾ ಬೇಕಂತನೇ ಬಿಟ್ಟೇನಿ ಅಂತ ತಿಳ್ಕೊಂಡೀರೇನ್ರಿ?"

ಇಷ್ಟು ದಿನ ಇಲ್ಲ, ಇಲ್ಲ ಎನ್ನುತ್ತಿದ್ದ ತಲೆ ಇಂದು ಅಲುಗಲಿಲ್ಲ.