ನಾನೂರ ಹನ್ನೆರಡು ಫೋಟೋಗಳು

ಟ್ಯಾಬ್ಲೆಟ್ಟಿಗೆ ಹದಿನೆಂಟು ಸಾವಿರ. ಅದರ ತೊಗಲಿನ ಕವಚಕ್ಕೆ ಒಂಬೈನೂರು. ಕೇಬಲ್ಲಿಗೆ ಇನ್ನೂರೈವತ್ತು. ಒಳಗೆ ತುಂಬಬೇಕಾಗಿದ್ದ ಫೋಟೋಗಳಿಗೆ ಮಾತ್ರ ಬಿಡಿಗಾಸಿನ ಖರ್ಚೂ ಇರಲಿಲ್ಲ. ಅವು ಬಡಗಿಯ ಫೋನಿನಲ್ಲಿದ್ದವು, ಬಡಗಿಗೆ ಅಂದು ಕೆಲಸದ ಕೊನೆಯ ದಿನ.

“ಫೋನ್ ಇಲ್ಲಿಡು,” ಎಂದು ಫರ್ನಿಚರ್ ಅಂಗಡಿಯ ಮಾಲೀಕ ಮೇಜನ್ನು ಬೆರಳಿನಿಂದ ಕುಟ್ಟಿದ. “ಒಂದು ಫೋಟೋನೂ ಇಲ್ಲಿಂದ ಹೊರಗೆ ಹೋಗಬಾರದು. ನಾಳೆ ನೀನು ಯಾವುದೋ ಗೂಡಂಗಡಿ ತೆರೆದು, ಇದೆಲ್ಲ ನನ್ನ ಕೈಚಳಕ ಅಂತ ಮೆರೆಯೋದು ಬೇಡ.”

ಬಡಗಿ ಫೋನಿಗೆ ಅಂಟಿದ್ದ ಮರದ ಹೊಟ್ಟನ್ನು ಅಂಗಿಗೆ ಒರೆಸಿ ಕೊಟ್ಟ. “ಇವು ಯಾಕೆ ಸಾರ್ ನಿಮಗೆ?”

“ಯಾಕೆ ಅಂದರೆ? ಮರ ನನ್ನದು, ಅಂಗಡಿ ನನ್ನದು. ಹನ್ನೊಂದು ವರ್ಷ ನೀನು ತಿಂದ ಸಂಬಳವೂ ನನ್ನದೇ.”

“ನಿಮ್ಮದೇ ಸಾರ್, ನಾನು ಇಲ್ಲ ಅನ್ನಲ್ಲ. ಆದರೆ ಅವನ್ನ ನಾನು ತೆಗೆದಿದ್ದು ಯಾಕೆ ಅಂದರೆ...”

“ಆದರೆ ಗೀದರೆ ಬೇಡ. ಹೋಗಿ ನಿನ್ನ ಉಳಿ ಗರಗಸ ಕಟ್ಟಿಕೋ.”

ಮಾಲೀಕನಿಗೆ ಅವಸರವಿತ್ತು. ನಾಲ್ಕು ಗಂಟೆಗೆ ಹೊಸ ಹೋಟೆಲಿನ ಮ್ಯಾನೇಜರಮ್ಮ ಬರುವವಳಿದ್ದಳು. ನೂರಿಪ್ಪತ್ತು ಕುರ್ಚಿಗಳ ಆರ್ಡರು. ಅದು ಕೈತಪ್ಪಿದರೆ ಅಂಗಡಿಗೆ ಬೀಗ ಬೀಳುವುದು ಖಚಿತ. ಈ ಸಂಗತಿ ಅವನಿಗೆ ಗೊತ್ತಿತ್ತು. ಕೌಂಟರಿನಲ್ಲಿ ಕೂರುವ ಅವನ ಹೆಂಡತಿಗೆ ಅವನಿಗಿಂತ ಆರು ತಿಂಗಳು ಮೊದಲೇ ಗೊತ್ತಿತ್ತು.

ಆದರೆ ತೋರಿಸಲು ಮಾದರಿಗಳೇ ಇರಲಿಲ್ಲ. ಹಿತ್ತಲಿನ ಕೆಲಸದ ಕೊಟ್ಟಿಗೆಗೆ ಮಾಲೀಕ ಕಾಲಿಟ್ಟವನೇ ಅಲ್ಲ. ಹೊಟ್ಟು ಹಾರಿದರೆ ಅವನಿಗೆ ಸೀನು. ದುಡ್ಡು ತರುವ ಗಿರಾಕಿಗಳನ್ನು ಮುಂಬಾಗಿಲಲ್ಲಿ ತಾನೇ ನಗುನಗುತ್ತಾ ಕರೆದು ಕೂರಿಸುತ್ತಿದ್ದ. ತಕರಾರು ತಂದವರನ್ನು ಹಿಂಬಾಗಿಲಿಗೆ, ಬಡಗಿಯ ಕಡೆಗೆ ಅಟ್ಟುತ್ತಿದ್ದ. ಕೆಲಸದ ಬಗ್ಗೆ ಅವನು ಕೊಟ್ಟ ಸೂಚನೆ ಒಂದೇ ಒಂದು: “ಕಾಲು ತೆಳ್ಳಗಿರಲಿ. ಚಂದವೂ ಹೌದು, ಮರವೂ ಉಳಿಯುತ್ತೆ.”

ಮೊದಲು ಫೋಟೋಗಳನ್ನು ಮೆಸೇಜಿನಲ್ಲಿ ಹತ್ತು ಹತ್ತಾಗಿ ಕಳಿಸಿ ನೋಡಿದ. ಟ್ಯಾಬ್ಲೆಟ್ಟಿನ ಅಗಲದ ಪರದೆಯ ಮೇಲೆ ಎಲ್ಲವೂ ಮಸುಕಾದವು. ಕೇಬಲ್ ಸಿಕ್ಕಿಸಿದ. ಫೋನು ಅನುಮತಿ ಕೇಳಿತು, ಕೊಟ್ಟ. ಮತ್ತೆ ಕೇಳಿತು.

“ಆ ಬಡಗಿಯ ಹಾಗೇ ಮಂದ ಇದು. ಒಂದೇ ಮಾತು ಎರಡೆರಡು ಸಲ ಹೇಳಬೇಕು,” ಎಂದ. ಕೊನೆಗೆ ನೀಲಿ ಗೆರೆ ತೆವಳಿಕೊಂಡು ತುದಿ ಮುಟ್ಟಿತು. ನಾನೂರ ಹನ್ನೆರಡು ಫೋಟೋಗಳು.

ಹೆಂಡತಿ ಕನ್ನಡಕ ಏರಿಸಿಕೊಂಡು ಒಂದೊಂದೇ ಸರಿಸಿದಳು. ಎಲ್ಲವೂ ಕುರ್ಚಿಗಳೇ. ಬಳುಕುವ ಕಾಲು, ಕಡ್ಡಿಯಷ್ಟೇ ದಪ್ಪದ ಕೈಗಳು, ಬಿಲ್ಲಿನಂತೆ ಬಾಗಿದ ಬೆನ್ನು. ನಿಜಕ್ಕೂ ಕಣ್ಣಿಗೆ ಹಬ್ಬ.

“ಎಲ್ಲದರಲ್ಲೂ ಸೀಮೆಸುಣ್ಣದ ಒಂದು ಸುತ್ತು ಇದೆಯಲ್ರೀ. ಇಲ್ಲಿ ಕಾಲಿಗೆ, ಇಲ್ಲಿ ಬೆನ್ನಿಗೆ.”

“ದೊಡ್ಡ ಕಲಾವಿದ ಅಲ್ವಾ, ರುಜು ಹಾಕಿದ್ದಾನೆ.”

“ರುಜುನ ಒಂದೊಂದು ಸಲ ಒಂದೊಂದು ಕಡೆ ಹಾಕ್ತಾರಾ?”

“ರುಜು ಹಾಕೋಕೆ ಬಂದರೆ ತಾನೇ, ಒಂದೇ ಕಡೆ ಹಾಕೋಕೆ.”

“ಹೊಸದರ ಹಾಗೂ ಕಾಣಲ್ಲ. ಕೈ ಇಡೋ ಜಾಗದಲ್ಲಿ ಪಾಲಿಶ್ ಸವೆದಿದೆ ನೋಡಿ.”

“ಅದಕ್ಕೆ ಆಂಟಿಕ್ ಅಂತಾರೆ ಕಣೇ. ನಿನಗೆ ಇವೆಲ್ಲ ತಲೆಗೆ ಹೋಗಲ್ಲ.”

ಮೂವತ್ತು ವರ್ಷದಲ್ಲಿ ಅವಳ ತಲೆಗೆ ಹೋಗದ ಎಷ್ಟೋ ಸಂಗತಿಗಳು ಆಮೇಲೆ ಅವಳು ಅಂದುಕೊಂಡ ಹಾಗೇ ಆಗಿದ್ದವು.

ಮಾಲೀಕ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಳಿಸಿದ. ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಹುಡುಕಿ ಖಾಲಿ ಮಾಡಿದ. ಬಡಗಿಯನ್ನು ಕೂಗಿ ಕರೆದು, “ತಗೋ, ಹಗುರ ಮಾಡಿದ್ದೀನಿ,” ಎಂದ.

ಬಡಗಿ ಬರಿದಾದ ಪರದೆ ನೋಡಿದ. ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. “ಅವನ್ನ ನೋಡಿನೋಡಿಯೇ ನಾನು ಕೆಲಸ ಕಲಿತಿದ್ದು ಸಾರ್. ಈಗ ಇಲ್ಲದಿದ್ದರೂ ನಡೆಯುತ್ತೆ. ಆದರೆ ಯಾರಾದರೂ ಹಾಗೇ ಮಾಡೋಕೆ ಹೊರಟರೆ...”

“ನಿನ್ನ ಸಮಕ್ಕೆ ಬರಲ್ಲ ಅಂತೀಯಾ? ಎಷ್ಟು ಕೊಬ್ಬು ನೋಡು. ಸೋಮವಾರದಿಂದ ಇಬ್ಬರು ಹೊಸಬರು ಬರ್ತಾರೆ. ಈ ಫೋಟೋ ಎದುರಿಗಿಟ್ಟುಕೊಂಡು ಒಂದು ಕೂದಲೂ ಆಚೀಚೆ ಆಗದ ಹಾಗೆ ಇಳಿಸ್ತಾರೆ. ನಡಿ.”

ಬಡಗಿ ಉಳಿ ಗರಗಸ ಕಟ್ಟಿಕೊಳ್ಳಲು ಹಿತ್ತಲಿಗೆ ನಡೆದ.

ನಾಲ್ಕಕ್ಕೆ ಸರಿಯಾಗಿ ಬಂದ ಮ್ಯಾನೇಜರಮ್ಮ ಟ್ಯಾಬ್ಲೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ನೋಡಿದಳು. ಎಲ್ಲಕ್ಕಿಂತ ತೆಳುವಾದ ಕಾಲಿನ ಕುರ್ಚಿಯ ಮೇಲೆ ಅವಳ ಬೆರಳು ನಿಂತಿತು.

“ನೋಡೋಕೇನೋ ಚಂದ. ತಡೆಯುತ್ತಾ? ನಮ್ಮಲ್ಲಿ ದಿನಕ್ಕೆ ನೂರಾರು ಜನ ಕೂತು ಏಳ್ತಾರೆ.”

“ಹನ್ನೊಂದು ವರ್ಷ ಗಿರಾಕಿಗಳು ಕೂತು ನೋಡಿದ ಮಾಲು ಮೇಡಂ ಇದು.”

“ಮುರಿದರೆ?”

“ಹಣ ಕೇಳದೆ ಹೊಸದು ಕೊಡ್ತೀನಿ. ಆರ್ಡರ್ ಕಾಗದದಲ್ಲಿ ಗ್ಯಾರಂಟಿ ಐದು ವರ್ಷ ಅಂತ ಇದೆಯಲ್ಲ, ಅದನ್ನ ಹೊಡೆದುಹಾಕಿ ಹತ್ತು ಅಂತ ಬರೀರಿ.”

ಅವಳು ಬರೆದಳು. ಅವನು ಸಹಿ ಹಾಕಿದ. ಆ ಗಳಿಗೆಯಲ್ಲಿ ಅವನ ಎದೆ ಅಂಗಿಯ ಗುಂಡಿ ಕಿತ್ತು ಬರುವಷ್ಟು ಉಬ್ಬಿತ್ತು.

ಹೆಂಡತಿ ಹಿಂಬಾಗಿಲಿಗೆ ಬಂದಾಗ ಬಡಗಿ ಚೀಲ ಹೆಗಲಿಗೇರಿಸುತ್ತಿದ್ದ. ಗಂಡನ ಪರವಾಗಿ ನಾಚಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

“ಬೇಜಾರು ಮಾಡ್ಕೋಬೇಡಣ್ಣ. ನಿನ್ನ ಅಷ್ಟು ಒಳ್ಳೊಳ್ಳೆ ಕೆಲಸದ ಫೋಟೋ ಒಂದನ್ನೂ ಉಳಿಸಲಿಲ್ಲ ಇವರು.”

“ಒಳ್ಳೆ ಕೆಲಸದ್ದು ಒಂದೂ ತೆಗೆದಿರಲಿಲ್ಲಮ್ಮ. ಅದು ಕೈಗೆ ನೆನಪಿರುತ್ತೆ. ಯಾವ ಕೀಲು ಎಲ್ಲಿ ಕೈಕೊಡ್ತು ಅನ್ನೋದು ಮರೆತುಹೋಗುತ್ತೆ ಅಂತ, ಅದಕ್ಕೆ ಮಾತ್ರ ಸೀಮೆಸುಣ್ಣದ ಸುತ್ತು ಹಾಕಿ ಫೋಟೋ ತೆಗೆದಿಡ್ತಿದ್ದೆ.”

ಅಂಗಡಿಗೆ ಸಿಕ್ಕಿದ್ದು ನೂರಿಪ್ಪತ್ತು ಕುರ್ಚಿಗಳ ಆರ್ಡರು. ಅದಕ್ಕೆ ಮಾದರಿ, ಹನ್ನೊಂದು ವರ್ಷದಲ್ಲಿ ಕೆಟ್ಟು ವಾಪಸ್ ಬಂದಿದ್ದ ನಾನೂರ ಹನ್ನೆರಡರಲ್ಲಿ ಒಂದು.