ಬಲಕ್ಕೆ ತಿರುವು

ಹಿಮದೊಳಗೆ ಮುಖ ಹೂತು ಬಿದ್ದಿದ್ದ ಆಸ್ಲೆಯ ಮೂಗಿಗೆ ಪೆಟ್ರೋಲಿನ ಜೊತೆ ಒದ್ದೆ ಉಣ್ಣೆಯ ವಾಸನೆ ಬಡಿಯಿತು. ಚಿಕ್ಕಂದಿನಲ್ಲಿ ಅಪ್ಪ ಬೈಕು ನಿಲ್ಲಿಸಿ ಬಂದು ಎತ್ತಿಕೊಂಡಾಗ ಅವರ ಕೋಟಿನಿಂದ ಬರುತ್ತಿದ್ದ ವಾಸನೆ. ಎಪ್ಪತ್ತು ದಾಟಿದ ಆಸ್ಲೆಗೆ ಏಳುವುದೇ ಬೇಡವೆನಿಸಿತು.

"ಬದುಕಿದ್ದೀಯೇನೋ ಮುದುಕಾ?" ಹಿಂದೆಯೇ ಬರುತ್ತಿದ್ದ ಗೆಳತಿ ಟೂರಿ ತನ್ನ ಬೈಕು ನಿಲ್ಲಿಸಿ, ಮಂಜುಗಡ್ಡೆಯ ಮೇಲೆ ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ಬಂದಳು.

"ಇದ್ದೀನಿ. ಮೊದಲು ಗಾಡಿ ನೋಡು."

ಗಾಡಿ ಎಡಗಡೆಯ ಹಿಮದ ದಿಬ್ಬಕ್ಕೆ ಮಗುಚಿಕೊಂಡಿತ್ತು. ಬೈಕಿನ ಬಲಕ್ಕೆ ಜೋಡಿಸಿದ್ದ ಸೈಡ್‌ಕಾರಿನ ಚಕ್ರ ಆಕಾಶ ನೋಡುತ್ತ ಇನ್ನೂ ಸುತ್ತುತ್ತಿತ್ತು. ನಾರ್ವೆಯ ಬೈಕು ಹುಚ್ಚರೆಲ್ಲ ಚಳಿಗಾಲದಲ್ಲಿ ಡೇರೆ ಹೊಡೆಯುವ ಬೆಟ್ಟಕ್ಕೆ ಆಸ್ಲೆ ಪ್ರತಿವರ್ಷ ಹೆಂಡತಿ ಒಡ್ನಿಯನ್ನು ಆ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಬಲಕ್ಕೆ ತಿರುವು ಬಂದಾಗ "ಒರಗೇ!" ಎಂದು ಕೂಗಿದರೆ ಸಾಕು, ಅವಳು ಹೊರಕ್ಕೆ ಬಾಗಿ, ಮೇಲೇಳುವ ಚಕ್ರವನ್ನು ಮೈಭಾರದಿಂದ ನೆಲಕ್ಕೆ ಒತ್ತುತ್ತಿದ್ದಳು. ಶರತ್ಕಾಲದಲ್ಲಿ ಒಡ್ನಿ ತೀರಿಕೊಂಡಿದ್ದಳು. ಇವತ್ತೂ ಅವನು ಕೂಗಿದ್ದ. ಟೂರಿಗೆ ಅದು ಕೇಳಿಸಿತ್ತು.

"ಭಾರಕ್ಕೆ ಇಡೋ ಮರಳು ಮೂಟೆ ಎಲ್ಲೋ?"

"ತಂದಿಲ್ಲ."

"ಈ ಐಸ್ ಮೇಲೆ ಖಾಲಿ ಸೈಡ್‌ಕಾರಾ? ತಲೆ ನೆಟ್ಟಗಿದೆಯಾ ನಿಂಗೆ?"

"ಅವಳು ಕೂರೋ ಜಾಗದಲ್ಲಿ ಮೂಟೆ ಹಾಕಲ್ಲ ನಾನು."

ಇಬ್ಬರೂ ಹೆಗಲು ಕೊಟ್ಟು, ಏದುಸಿರು ಬಿಡುತ್ತ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದರು. ಆಸ್ಲೆ ಬೆಟ್ಟದ ಕಡೆ ನೋಡಿದ. ಈ ಸಲ ಹೋಗದಿದ್ದರೆ ಇನ್ನೆಂದೂ ಹೋಗಲಾರೆ ಎಂಬುದು ಅವನಿಗೆ ಗೊತ್ತಿತ್ತು.

"ನಾನು ವಾಪಸ್ ಹೋಗ್ತೀನಿ, ಟೂರಿ."

"ಹೋಗು. ಬರೋವಾಗ ಎಡಕ್ಕಿದ್ದ ತಿರುವೆಲ್ಲ ಹೋಗೋವಾಗ ಬಲಕ್ಕೇ ಬರುತ್ತೆ."

ಅವಳು ತನ್ನ ಬೈಕಿನಿಂದ ಸಲಿಕೆ ಬಿಚ್ಚಿ ತಂದು, ರಸ್ತೆಯಂಚಿನ ಹಿಮವನ್ನು ಒಡ್ನಿಯ ಸೀಟಿಗೆ ತುಂಬತೊಡಗಿದಳು.

"ಏನ್ ಮಾಡ್ತಿದ್ದೀಯೇ?"

"ಮೂಟೆ ಅಲ್ವಲ್ಲ, ಹಿಮ. ಕರಗಿ ಹೋಗುತ್ತೆ. ಆಮೇಲೆ ಜಾಗ ಮತ್ತೆ ಅವಳದೇ."

ಆಸ್ಲೆ ತಡೆಯಲಿಲ್ಲ. ಅವಳು ತುಂಬುತ್ತ, ಅಂಗೈಯಿಂದ ಒತ್ತುತ್ತ ಹೋದಳು. ಹಿಮ ಸೀಟಿನ ಬೆನ್ನಿನವರೆಗೆ ಬಂದಾಗ ಅವನು ಬಗ್ಗಿ ಎರಡು ಬೊಗಸೆ ತೆಗೆದ.

"ಇಷ್ಟಿರಲಿಲ್ಲ ಅವಳು. ಕೊನೇಲಿ ಮಗು ಥರ ಎತ್ತಿ ಮಲಗಿಸ್ತಿದ್ದೆ."

"ಅದು ಆಸ್ಪತ್ರೆ ಒಡ್ನಿ. ಬೆಟ್ಟಕ್ಕೆ ಬರ್ತಿದ್ದೋಳು ನಂಗೊತ್ತು. ನಾಲ್ಕು ವಾಫಲ್ ತಿಂದು, 'ಡಯಟ್ ಮಾಡ್ತಿದ್ದೀನಿ ಕಣೇ' ಅಂತ ನನ್ನ ತಟ್ಟೆಗೆ ಕೈ ಹಾಕೋಳು."

ಆಸ್ಲೆ ನಕ್ಕ. ನಗು ನಡುವೆಯೇ ಒಡೆದುಹೋಯಿತು. ಅವಳ ಕೈಯಿಂದ ಸಲಿಕೆ ಕಸಿದುಕೊಂಡು ತಾನೇ ತುಂಬತೊಡಗಿದ, ಒಂದು, ಮತ್ತೊಂದು, ಇನ್ನೂ ಒಂದು; ಬೆಟ್ಟ ಹತ್ತುವ ಹೆಂಗಸಿನ ತೂಕ ಬರುವವರೆಗೆ.

ಊಟ ಬೆಚ್ಚಗಿರಲೆಂದು ಟೂರಿ ತನ್ನ ಬೈಕಿನ ಎಂಜಿನ್ನಿಗೆ ಒತ್ತಿಟ್ಟಿದ್ದ ಬೆಳ್ಳಿ ಕಾಗದದ ಪೊಟ್ಟಣ ಬಿಡಿಸಿದಳು. ಸಾಸೇಜು, ಬೇಯಿಸಿದ ಆಲೂಗಡ್ಡೆ ಹಬೆಯಾಡುತ್ತಿದ್ದವು. ತನ್ನೆದುರು ಕಣ್ಣೊರೆಸಿಕೊಳ್ಳಲು ಅವನು ಮುಜುಗರಪಡದಿರಲೆಂದು ಅವಳು ರಸ್ತೆಯತ್ತ ಮುಖ ಮಾಡಿ ನಿಂತು, ಹಿಂದೆ ನೋಡದೆ ಪೊಟ್ಟಣವನ್ನು ಅವನ ಕಡೆಗೆ ಚಾಚಿದಳು.