ಅಜ್ಜಿಯ ಪಾಲಿನ ಮಾತು

ನಾಲೆಯ ಕಾಲುಸೇತುವೆಗೆ ಕಂಬಿ ಹಾಕಿಸಿ ಎಂದು ಕೇಳಲು ತನುಶ್ರೀ ಗ್ರಾಮಸಭೆಯಲ್ಲಿ ಎದ್ದು ನಿಂತಳೋ ಇಲ್ಲವೋ, ಪಿಡಿಒ ಶಿವಶಂಕರ್ ಕನ್ನಡಕ ಏರಿಸಿ ಪಟ್ಟಿ ನೋಡಿದರು. ಅದರಲ್ಲಿ ಅವಳ ಹೆಸರಿರಲಿಲ್ಲ.

"ಓಟರ್ ಲಿಸ್ಟಲ್ಲಿ ಇರೋರು ಮಾತ್ರ ಇಲ್ಲಿ ಮಾತಾಡ್ಬೇಕು ಕಣಮ್ಮ. ನಿಂದೇನಿದ್ರೂ ಮಕ್ಕಳ ಸಭೇಲಿ."

ಆ ಸಭೆಗೂ ಹೋಗಿ ಬಂದಾಗಿತ್ತು. ಆರನೇ ಕ್ಲಾಸಿನಿಂದ ವರ್ಷಾವರ್ಷ ಇದೇ ಕಂಬಿ ಕೇಳಿದವಳಿಗೆ, ಹದಿನೆಂಟು ತುಂಬಿತಲ್ಲ, ಇನ್ನು ದೊಡ್ಡವರ ಸಭೆಗೆ ಹೋಗು ಎಂದು ಹೋದ ತಿಂಗಳು ಬಿಸ್ಕತ್ತು ಕೊಟ್ಟು ಕಳಿಸಿದ್ದರು. ಪಟ್ಟಿಗೆ ಅರ್ಜಿ ಹಾಕಿದ್ದಳು, ಹೆಸರು ಇನ್ನೂ ಬಂದಿರಲಿಲ್ಲ. ನಾಲೆಗೆ ನೀರು ಬಿಡಲು ಮಾತ್ರ ಎಂಟೇ ದಿನ ಉಳಿದಿತ್ತು.

ತನುಶ್ರೀ ಕುಳಿತಳು. ಒಂಬತ್ತು ವರ್ಷದವಳಿದ್ದಾಗ ಅವಳೂ ಆ ಸೇತುವೆಯಿಂದ ಬಿದ್ದವಳೇ. ಅಜ್ಜಿ ಪುಟ್ಟತಾಯಮ್ಮ ಜಡೆ ಹಿಡಿದು ಎಳೆದುಕೊಂಡಿದ್ದಳು. ಅಂದಿನಿಂದ ಆ ಹಸಿರು ನೀರು ಅವಳನ್ನು ಬಿಟ್ಟೇ ಇಲ್ಲ, ಹಾಡಹಗಲೇ ಕಣ್ಣೊಳಗೆ ಹರಿಯುತ್ತದೆ. ಈಗಲೂ ಹರಿಯಿತು. ಬೀದಿದೀಪ, ಚರಂಡಿಯ ಮಾತುಗಳೆಲ್ಲ ಅದರಲ್ಲಿ ಮುಳುಗಿದವು. ನೀರಿನ ಮೇಲೆ ಸೇತುವೆ, ಸೇತುವೆಗೆ ನೀಲಿ ಬಣ್ಣದ ಕಂಬಿ. ಶಾಲೆಯ ಪುಟಾಣಿಗಳು ಕಡ್ಡಿ ಹಿಡಿದು ಕಂಬಿಯುದ್ದಕ್ಕೂ ಟಣಟಣ ಬಾರಿಸುತ್ತಾ ಓಡುತ್ತಿದ್ದರು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಕಣ್ಣು ಬಿಟ್ಟರೆ ಸದ್ದು ಅಜ್ಜಿಯ ಬಳೆಗಳದು. ಸಭೆಗೆ ಬಂದು ಹೆಬ್ಬೆಟ್ಟೊತ್ತಿ, ಟೀ ಕುಡಿದು ಮನೆಗೆ ಹೋಗುವುದಷ್ಟೇ ಗೊತ್ತಿದ್ದ ಪುಟ್ಟತಾಯಮ್ಮ, ಮೊಮ್ಮಗಳ ಭುಜಕ್ಕೆ ಕೈಯೂರಿ ಏಳುತ್ತಿದ್ದಳು.

"ಏನಜ್ಜಿ, ಪೆನ್ಷನ್ ಬಂದಿಲ್ವಾ?" ಎಂದರು ಶಿವಶಂಕರ್.

"ಅದು ಬತ್ತದೆ ಬುಡಿ. ನನ್ನೆಸ್ರು ಪಟ್ಟೀಲಿ ಐತಾ ನೋಡಿ ಸ್ವಾಮಿ."

ಇತ್ತು. ಅಜ್ಜಿ ತನುಶ್ರೀಯ ರಟ್ಟೆ ಹಿಡಿದು ಎಬ್ಬಿಸಿ, ತಾನು ಅವಳ ಜಾಗದಲ್ಲಿ ಕುಳಿತಳು. ಇದೆಲ್ಲ ಆಗೋದಿಲ್ಲ, ರೂಲ್ಸಿದೆ ಎಂದು ಶಿವಶಂಕರ್ ಗೊಣಗಿದರು. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಮ್ ಕಾಲ್ದಾಗೆ ಇಪ್ಪತ್ತೊಂದಕ್ಕೆ ಎಸ್ರು ಸೇರ್ಸೋರು. ಈಗ ನಂಗೆ ಎಪ್ಪತ್ತಾಯ್ತು. ಒಂದ್ ದಿನಾನೂ ಈ ಸಭೇಲಿ ಬಾಯ್ ಬುಟ್ಟಿಲ್ಲ ನಾನು. ನನ್ ಪಾಲಿನ ಮಾತೆಲ್ಲ ಅಂಗೇ ಉಳ್ಕಂಡೈತೆ. ಅದ್ನ ಇವಳಿಗೆ ಕೊಟ್ಟಿವ್ನಿ, ಬರ್ಕಳಿ."